ಸಂಕಾರಾ ಆಳ್ವಿಕೆ ಮತ್ತು ವಜಾಗೊಂಡ ಶಿಕ್ಷಕರು: ಹೇಗೆ ಅರ್ಥಮಾಡಿಕೊಳ್ಳಬೇಕು?

ಶಾಲಾ ಶಿಕ್ಷಕಿ, ಲಿಂಗಸುಗೂರು:

ನಮ್ಮ ಊರಿನ ಓದುಗರ ಬಳಗದಲ್ಲಿ ಮುಂದಿನ ಭಾನುವಾರ ನಾನು ಥಾಮಸ್ ಸಂಕಾರಾ ಅವರ ಕುರಿತು ಮಾತನಾಡಬೇಕಾಗಿದೆ. ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾದಲ್ಲಿ 1983ರ ಆಗಸ್ಟ್ 4ರಂದು, ತಮ್ಮ 33ನೆಯ ವಯಸ್ಸಿನಲ್ಲಿ ಅಧಿಕಾರ ಹಿಡಿದ ಈ ಮಾರ್ಕ್ಸ್‌ವಾದಿ ಸೇನಾಧಿಕಾರಿ, ಸರಿಯಾಗಿ ಒಂದು ವರ್ಷದ ಬಳಿಕ ಅಲ್ಲಿನ ಮೋರೆ ಮತ್ತು ಜೂಲಾ ಭಾಷೆಗಳ ಪದಗಳನ್ನೇ ಜೋಡಿಸಿ ದೇಶಕ್ಕೆ ಬುರ್ಕಿನಾ ಫಾಸೊ, ಅಂದರೆ ಪ್ರಾಮಾಣಿಕರ ನಾಡು, ಎಂದು ಹೆಸರಿಟ್ಟರು. ಬಲವಂತದ ಮದುವೆಯನ್ನು ವಿರೋಧಿಸಿದರು; ಸರ್ಕಾರದ ಮರ್ಸಿಡಿಸ್ ಕಾರುಗಳನ್ನು ಮಾರಿ ಮಂತ್ರಿಗಳಿಗೆ ಸಣ್ಣ ರೆನೋ 5 ಕಾರುಗಳನ್ನು ಕೊಟ್ಟರು. ಇವನ್ನೆಲ್ಲ ಓದುತ್ತ ಮನಸ್ಸು ತುಂಬಿ ಬಂದಿತ್ತು. ಆದರೆ 1984ರ ಮಾರ್ಚ್‌ನಲ್ಲಿ ಮುಷ್ಕರ ಹೂಡಿದ ಸುಮಾರು 1,400 ಶಿಕ್ಷಕರನ್ನು ಅವರ ಸರ್ಕಾರ ಒಂದೇ ಏಟಿಗೆ ವಜಾ ಮಾಡಿತೆಂಬ ಪುಟಕ್ಕೆ ಬಂದಾಗ ನನ್ನ ಓದು ಅಲ್ಲಿಯೇ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷ ಪಾಠ ಹೇಳಿದವಳಿಗೆ ಅದನ್ನು ದಾಟಿ ಮುಂದೆ ಹೋಗುವುದು ಕಷ್ಟ. ಅಕ್ಷರ ಬಾರದವರೇ ಹೆಚ್ಚಾಗಿದ್ದ ದೇಶದಲ್ಲಿ, ಬಡವರ ಹೆಸರಿನಲ್ಲಿ ಬಂದ ಸರ್ಕಾರ ಹೀಗೇಕೆ ಮಾಡಿತು?

ಹತ್ತಿ ಬೆಳೆಗಾರ, ಮಾನ್ವಿ:

ಶಿಕ್ಷಕರ ವಿಚಾರವನ್ನು ತಿಳಿದವರು ಹೇಳಲಿ. ನನಗೆ ಗೊತ್ತಿರುವುದು ಹತ್ತಿ. ಅವರ ನಾಡೂ ನಮ್ಮ ಹಾಗೆಯೇ ಮಳೆಯನ್ನು ನಂಬಿ ಹತ್ತಿ ಬೆಳೆದು, ಅದನ್ನು ಅರಳೆಯಾಗಿಯೇ ಹೊರದೇಶಕ್ಕೆ ಸಾಗಿಸುತ್ತಿತ್ತು. ಸ್ಥಳೀಯ ನೂಲಿನಿಂದ ನೇಯ್ದ ಫಾಸೊ ದಾನ್ ಫಾನಿ ಎಂಬ ಬಟ್ಟೆಯನ್ನು ಸರ್ಕಾರಿ ನೌಕರರು ಉಡಬೇಕೆಂದು ಸಂಕಾರಾ ವಿಧಿಸಿದರು. 1987ರ ಜುಲೈನಲ್ಲಿ ಅಡಿಸ್ ಅಬಾಬಾದ ಆಫ್ರಿಕನ್ ಶೃಂಗಸಭೆಯಲ್ಲಿ, ವಿದೇಶಿ ಸಾಲವನ್ನು ಆಫ್ರಿಕಾದ ದೇಶಗಳು ಒಟ್ಟಾಗಿ ನಿರಾಕರಿಸಬೇಕೆಂದು ವಾದಿಸಿದ ಭಾಷಣದಲ್ಲಿಯೇ, ತಾವೂ ತಮ್ಮ ನಿಯೋಗದವರೂ ಉಟ್ಟಿರುವುದು ತಮ್ಮ ರೈತರು ಬೆಳೆದು ತಮ್ಮ ನೇಕಾರರು ನೇಯ್ದ ಬಟ್ಟೆ ಎಂದು ಅವರು ಸಭೆಗೆ ತಿಳಿಸಿದರು.

ಹಳ್ಳಿಯ ಮುಖ್ಯಸ್ಥರು ಪಡೆಯುತ್ತಿದ್ದ ಕಾಣಿಕೆ ಮತ್ತು ಬಿಟ್ಟಿ ಚಾಕರಿಯನ್ನು ಅವರು ರದ್ದುಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ನಿಜಾಮರ ಕಾಲದ ಜಹಗೀರಿನಲ್ಲಿ ಬಿಟ್ಟಿ ದುಡಿದ ಮನೆತನದಿಂದ ಬಂದವನಿಗೆ ಆ ಒಂದು ಆಜ್ಞೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತ ಆರೋಗ್ಯ ಕಾರ್ಯಕರ್ತೆ, ಕೊಪ್ಪಳ:

ಅದೇ 1984ರ ನವೆಂಬರ್ ಕೊನೆಯಲ್ಲಿ ಆರಂಭವಾದ ಲಸಿಕಾ ಅಭಿಯಾನವನ್ನು ಭಾನುವಾರದ ಮಾತಿನಲ್ಲಿ ಬಿಡಬೇಡಿ. ದಡಾರ, ಮಿದುಳು ಪೊರೆಯ ಉರಿಯೂತ ಮತ್ತು ಹಳದಿ ಜ್ವರಗಳ ವಿರುದ್ಧ ಸುಮಾರು 25 ಲಕ್ಷ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಲಸಿಕೆ ಹಾಕಲಾಯಿತು. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ತಾಂಡಾ ತಾಂಡಾ ತಿರುಗಿದವಳಾಗಿ ಹೇಳುತ್ತೇನೆ: ಅದನ್ನು ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು ವಿದ್ಯುತ್ತಿಲ್ಲದ ಊರಿಗೆ ಒಯ್ಯುವುದು ಅರ್ಧ ಕೆಲಸ, ಅಂದು ಆ ತಾಯಿ ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಬರುವಂತೆ ಮಾಡುವುದು ಉಳಿದರ್ಧ. ಆ ಎರಡನೆಯ ಕೆಲಸವನ್ನು ಅಲ್ಲಿ ಮಾಡಿದ್ದು ಹಳ್ಳಿಹಳ್ಳಿಯಲ್ಲಿ ರಚನೆಯಾಗಿದ್ದ ಕ್ರಾಂತಿ ರಕ್ಷಣಾ ಸಮಿತಿಗಳು.

ಆದರೆ ಒಮ್ಮೆ ಹಾಕಿದ ಲಸಿಕೆ ಮುಂದಿನ ವರ್ಷ ಹುಟ್ಟುವ ಕೂಸನ್ನು ಕಾಯುವುದಿಲ್ಲ. ಅದಕ್ಕೆ ಊರಿನಲ್ಲಿಯೇ ಯಾರಾದರೂ ಇರಬೇಕು. ಹಳ್ಳಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಯೋಜನೆಯನ್ನು ಅವರು ಕೈಗೆತ್ತಿಕೊಂಡದ್ದು ನನ್ನ ದೃಷ್ಟಿಯಲ್ಲಿ ಆ ಸುದ್ದಿಯಾದ ಅಭಿಯಾನಕ್ಕಿಂತ ಹೆಚ್ಚಿನ ವಿವೇಕದ ಕೆಲಸ.

ಕಾರ್ಮಿಕ ಸಂಘದ ಕಾರ್ಯಕರ್ತ, ಬಳ್ಳಾರಿ:

ಮೇಡಂ ಕೇಳಿದ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಬಂಧನಕ್ಕೊಳಗಾದ ತಮ್ಮ ನಾಯಕರ ಪರವಾಗಿ ಶಿಕ್ಷಕರ ಸಂಘ ಮುಷ್ಕರಕ್ಕೆ ಕರೆಕೊಟ್ಟಿತ್ತು. ಆ ಸಂಘಕ್ಕೂ ಇತಿಹಾಸಕಾರ ಜೋಸೆಫ್ ಕಿ-ಜೆರ್ಬೊ ಅವರ ವಿರೋಧ ಪಕ್ಷಕ್ಕೂ ನಂಟಿದ್ದುದರಿಂದ ಸರ್ಕಾರ ಮುಷ್ಕರವನ್ನು ತನ್ನನ್ನು ಕೆಡವುವ ಸಂಚೆಂದೇ ಕಂಡಿತು. ವಜಾಗೊಂಡವರ ಜಾಗಕ್ಕೆ ಅವಸರದಲ್ಲಿ ತರಬೇತಿ ಪಡೆದವರನ್ನು ತಂದು ನಿಲ್ಲಿಸಿದ್ದರ ನಷ್ಟವನ್ನು ಉಂಡದ್ದು ಮಕ್ಕಳು. ಅದೇ ವರ್ಷದ ಜೂನ್‌ನಲ್ಲಿ, ದಂಗೆಯ ಸಂಚು ಹೂಡಿದರೆಂದು ಏಳು ಜನರನ್ನು ಗುಂಡಿಟ್ಟು ಕೊಂದರು. ಆ ಸಮಿತಿಗಳನ್ನು ಅಕ್ಕ ಹೊಗಳಿದ್ದಾರೆ, ಸರಿ. ಆದರೆ ಲಸಿಕೆಗೆ ಜನರನ್ನು ಕರೆತಂದ ಅವೇ ಸಮಿತಿಗಳ ಕೈಯಲ್ಲಿ ಬಂದೂಕೂ ಇತ್ತು, ಅದು ದುರುಪಯೋಗವೂ ಆಯಿತು.

ಸಂಡೂರಿನ ಮ್ಯಾಂಗನೀಸ್ ಅದಿರನ್ನು ಕಂಡು ಬೆಳೆದ ನನಗೆ ತಂಬಾವೊ ಗಣಿಯ ಕತೆ ಹತ್ತಿರದ್ದು. ಅಲ್ಲಿಯೂ ನೆಲದಡಿ ಇದ್ದದ್ದು ಮ್ಯಾಂಗನೀಸ್. ಅದನ್ನು ತರಲು ರೈಲುದಾರಿ ಹಾಕಲು ವಿದೇಶಿ ಹಣ ದೊರೆಯದಾದಾಗ ಜನರೇ ಬಂದು ಬರಿಗೈಯಲ್ಲಿ ಹಳಿ ಜೋಡಿಸಿದರು. ಅದನ್ನು ನಾನು ಹೃದಯದಿಂದ ಗೌರವಿಸುತ್ತೇನೆ. ಹಾಗಿದ್ದೂ, ಶ್ರಮವನ್ನು ಕೇಳಿದ ಸರ್ಕಾರಕ್ಕೆ ದುಡಿಯುವವನ ‘ಒಲ್ಲೆ’ ಎಂಬ ಮಾತನ್ನು ಕೇಳಿಸಿಕೊಳ್ಳುವ ಸಹನೆ ಇರಲಿಲ್ಲ. ಅವರ ತಪ್ಪು ಇದೇ ಎಂದು ನಾನು ನಂಬಿದ್ದೇನೆ. ಇದನ್ನು ಹೊರಗಿನ ಒತ್ತಡದ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ.

ಅವರಿಗೆ ಇದು ಹೊಳೆದಿರಲಿಲ್ಲ ಎನ್ನಲಾಗದು. 1987ರ ಆಗಸ್ಟ್ 4ರ ವಾರ್ಷಿಕೋತ್ಸವದ ಭಾಷಣದಲ್ಲಿ ಅವರು ವೇಗ ತಗ್ಗಿಸಿ, ಜನರ ಮನವೊಲಿಸಿ ನಡೆಯಬೇಕೆಂದರು. ಹತ್ತು ವಾರಗಳ ನಂತರ, ಅಕ್ಟೋಬರ್ 15ರಂದು, ರಾಜಧಾನಿ ವಾಗಡೂಗುವಿನಲ್ಲಿ ಹನ್ನೆರಡು ಜನ ಸಂಗಾತಿಗಳೊಂದಿಗೆ ಅವರನ್ನು ಕೊಲ್ಲಲಾಯಿತು. ಮರಣಪತ್ರದಲ್ಲಿ ಸಹಜ ಸಾವೆಂದು ಬರೆಯಲಾಗಿತ್ತು. ಅಧಿಕಾರಕ್ಕೆ ಬಂದ ಗೆಳೆಯ ಬ್ಲೇಸ್ ಕಂಪಾವೊರೆ 27 ವರ್ಷ ಆಳಿ, 2014ರಲ್ಲಿ ಜನರ ದಂಗೆಗೆ ಹೆದರಿ ಓಡಿದರು. ಈ ಕೊಲೆಗಾಗಿ ಅವರ ಗೈರುಹಾಜರಿಯಲ್ಲಿ ಜೀವಾವಧಿ ಶಿಕ್ಷೆಯಾದದ್ದು 2022ರ ಏಪ್ರಿಲ್‌ನಲ್ಲಿ.

ಶಾಲಾ ಶಿಕ್ಷಕಿ, ಲಿಂಗಸುಗೂರು:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಸಾಲಾಗಿ ಬರೆದುಕೊಳ್ಳುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಶಿಕ್ಷಕರ ವಜಾ ಮಾರ್ಚ್‌ನಲ್ಲಿ, ಗುಂಡೇಟು ಜೂನ್‌ನಲ್ಲಿ, ದೇಶದ ಹೊಸ ಹೆಸರು ಆಗಸ್ಟ್‌ನಲ್ಲಿ, ಲಸಿಕೆ ನವೆಂಬರ್‌ನಲ್ಲಿ, ಎಲ್ಲವೂ 1984. ಹುಟ್ಟಿನಿಂದ ಸಾವಿನವರೆಗೆ ಹೇಳುವ ಯೋಚನೆಯನ್ನು ಬಿಟ್ಟು, ಆ ಒಂದು ವರ್ಷವನ್ನಷ್ಟೇ ತಿಂಗಳು ತಿಂಗಳಾಗಿ ಬಳಗದ ಮುಂದಿಡುತ್ತೇನೆ. ಮಾರ್ಚ್‌ನಿಂದಲೇ ಶುರುಮಾಡುತ್ತೇನೆ.