ಒಂದೇ ತೂತಿಗೆ ಸ್ಪಿಟ್‌ಫೈರ್ ಎಂಜಿನ್ ಸೀಜ್ ಆಗೋದು ನಿಜಾನಾ?

ಮಡಗಾಂವ್ ಪೈಲಟ್:
ಐಎಲ್-2 ಗ್ರೇಟ್ ಬ್ಯಾಟಲ್ಸ್ ಅನ್ನೋ ಎರಡನೇ ಮಹಾಯುದ್ಧದ ವಿಮಾನದ ಗೇಮ್‌ನಲ್ಲಿ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ 9 ಹಾರಿಸ್ತೀನಿ. ನಿನ್ನೆ ರಾತ್ರಿ ಹಿಂದಿನಿಂದ ಒಂದು ಜರ್ಮನ್ ಫೈಟರ್, ಮೆಸರ್‌ಸ್ಮಿಟ್ 109 ಬಂದು ಹೊಡೀತು. ಬಲ ರೆಕ್ಕೆ ಕೆಳಗೆ ಒಂದೇ ತೂತು, ಅಲ್ಲಿಂದ ಬಿಳಿ ಎಳೆ. ಸ್ಟಿಕ್, ರಡರ್ ಎಲ್ಲಾ ಸರಿಯಾಗೇ ಇತ್ತು. ಐದಾರು ನಿಮಿಷಕ್ಕೆ ಎಂಜಿನ್ ಕಚ್ಕೊಂಡು ನಿಂತೇ ಹೋಯ್ತು. ಮೊನ್ನೆ ನಾನೇ 109ರಲ್ಲಿ ಕೂತು ಒಂದು ಅಮೆರಿಕನ್ ಥಂಡರ್‌ಬೋಲ್ಟ್ ಫೈಟರನ್ನ ಜರಡಿ ಮಾಡಿದ್ದೆ, ಅದು ಆರಾಮಾಗಿ ಮನೆಗೆ ಹೋಯ್ತು. ಏಟು ಬಿದ್ರೆ ಏನಾಗುತ್ತೆ ಅಂತ ಗೇಮ್ ಹಾಕೋ ಲೆಕ್ಕ, ಅಂದ್ರೆ ಡ್ಯಾಮೇಜ್ ಮಾಡೆಲ್ಲೇ ತಪ್ಪಾ?

ಡೊಂಬಿವಲಿ 109:
ನನಗೂ ಹೀಗೇ ಆಗಿದೆ. ಸ್ಪಿಟ್‌ಫೈರ್‌ಗೆ ಮಾತ್ರ ಅನ್ಯಾಯ ಮಾಡಿದ್ದಾರೆ ಅನ್ಸುತ್ತೆ.

ವಾಸ್ಕೋ ಗ್ಯಾರೇಜ್:
ಇಲ್ಲ ತಮ್ಮಾ, ಗೇಮ್ ಸರಿ ಐತಿ. ವಾಸ್ಕೋದಾಗ ನಂದು ಗ್ಯಾರೇಜ್, 22 ವರ್ಷ ಆತು. ರಾತ್ರಿ ಮಗನ ಜೋಡಿ ಇದ ಗೇಮ್ ಆಡ್ತೀನಿ.

ಹ್ವಾದ ಮಳೆಗಾಲದಾಗ ಹುಬ್ಬಳ್ಳಿಯಿಂದ ಬರೂಮುಂದ ಅನಮೋಡ ಘಾಟಿನಾಗ ನನ್ನ ಗಾಡಿದು ರೇಡಿಯೇಟರ್ ಹೋಸ್ ಸೀಳ್ತು. ಉಗುರಿನಷ್ಟ ಸೀಳು. ಟೆಂಪರೇಚರ್ ಮುಳ್ಳು ಮೊದಲ ಏರ್ತು, ಆಮ್ಯಾಲೆ ಇಳೀತು. ತಂಪಾತು ಅಂತ ತಿಳಕೊಂಡು ಹೊಡ್ಕೋತ ಬಂದೆ. ಸೆನ್ಸರ್‌ಗೆ ಮುಟ್ಟಾಕ ನೀರ ಉಳಿದಿರಲಿಲ್ಲ. ಮೊಲೆಂ ಮುಟ್ಟೂದ್ರಾಗ ಬಿಸಿಗೆ ಎಂಜಿನ್ನಿನ ಹೆಡ್ ಬಾಗಿತ್ತು.

ಸ್ಪಿಟ್‌ಫೈರಿನ ಮೆರ್ಲಿನ್ ಎಂಜಿನ್ನೂ ಹಂಗ. 12 ಸಿಲಿಂಡರ್, ತಂಪು ಮಾಡೂ ದ್ರವ, ಅಂದ್ರ ಕೂಲೆಂಟಿನಾಗ 70 ಪಾಲು ನೀರು, 30 ಪಾಲು ಗ್ಲೈಕಾಲ್. ಎಂಜಿನ್ನಿನಿಂದ ರೆಕ್ಕಿ ಕೆಳಗಿನ ರೇಡಿಯೇಟರ್ ತನಕಾ ಪೈಪ್ ಹೋಗಿ ಬರ್ತಾವ. ನಡುವ ಎಲ್ಲಿ ತೂತು ಬಿದ್ರೂ ಎಲ್ಲಾ ಹೊರಗ. ನಿನಗ ಕಂಡ ಬಿಳಿ ಎಳಿ ಹೊಗಿ ಅಲ್ಲ, ಕೂಲೆಂಟ್. 109ಕ್ಕೂ ಎರಡೂ ರೆಕ್ಕಿ ಕೆಳಗ ರೇಡಿಯೇಟರ್ ಅದಾವ, ನೀನೂ ಅಲ್ಲೇ ಹೊಡಿ.

ಥಂಡರ್‌ಬೋಲ್ಟಿಂದು 18 ಸಿಲಿಂಡರ್ ಸುತ್ತಲೂ ಜೋಡಿಸಿದ ರೇಡಿಯಲ್ ಎಂಜಿನ್, ಗಾಳಿಗೆ ತಂಪಾಗೂದು. ಕೂಲೆಂಟ್ ಇಲ್ಲ ಅಂದಮ್ಯಾಲೆ ಸೋರೂದೇನು? ಆಯಿಲ್ ಹ್ವಾದ್ರ ಮಾತ್ರ ಅದಕ್ಕೂ ಕುತ್ತು. 1943ರ ಜೂನ್ 26ಕ್ಕ ಅಮೆರಿಕದ ಪೈಲಟ್ ರಾಬರ್ಟ್ ಜಾನ್ಸನ್ ಅಂಥಾದ್ರಾಗ ಮೈತುಂಬ ತೂತು ಬಿದ್ರೂ ಇಂಗ್ಲೆಂಡ್ ಮುಟ್ಟಿದ್ದ.

ಬೋಗ್ಮಾಳೋ ಹತ್ರ ನೌಕಾಪಡೆ ವಿಮಾನಗಳ ಮ್ಯೂಸಿಯಂ ಐತಲ್ಲ, ಹೋಗಿ ಸೀ ಹಾಕ್ ಅನ್ನೂ ಹಳೇ ಫೈಟರ್ ಜೆಟ್ ಬಾಜೂಕ ನಿಂತು ನೋಡು. ಬರೇ ತಗಡಿಗೆ ತೂತು ಬಿದ್ರ ವಿಮಾನಕ್ಕ ಅಷ್ಟೇನೂ ಆಗೂದಿಲ್ಲ. ಆ ತಗಡಿನ ಹಿಂದ ಪೈಪ್ ಐತೋ, ಕೇಬಲ್ ಐತೋ, ಟ್ಯಾಂಕ್ ಐತೋ, ಅದ ಲೆಕ್ಕ. ಸ್ಪಿಟ್‌ಫೈರಿನಾಗ ಪೆಟ್ರೋಲ್ ಟ್ಯಾಂಕ್ ಪೈಲಟ್‌ನ ಮುಂದ ಇರ್ತದ, ನೆನಪಿಡು.

ಮಡಗಾಂವ್ ಪೈಲಟ್:
ಅಣ್ಣಾ, ನಾನೂ ಮುಳ್ಳನ್ನೇ ನೋಡ್ತಾ ಕೂತಿದ್ದೆ. ಹಾಗಾದ್ರೆ ಬಿಳಿ ಎಳೆ ಕಂಡ ತಕ್ಷಣ ಏನ್ ಮಾಡ್ಲಿ?

ವಾಸ್ಕೋ ಗ್ಯಾರೇಜ್:
ಜಗಳ ಬಿಡು. ಥ್ರಾಟಲ್ ಇಳಿಸಿ ಮನಿ ಕಡೆ ತಿರುಗು. ಎಂಜಿನ್ ನಡೀತಿರೂವಾಗ ಇಳಿಯೂ ಜಾಗ ಹುಡುಕು, ನಿಂತಮ್ಯಾಲೆ ಅಲ್ಲ.

ಮಡಗಾಂವ್ ಪೈಲಟ್:
ಇವತ್ತು ಮತ್ತೆ ಅದೇ ಜಾಗಕ್ಕೆ ಏಟು ಬಿತ್ತು. ನೀವು ಹೇಳಿದ ಹಾಗೇ ಮಾಡಿದೆ ಅಣ್ಣಾ. ಹೊಲದಲ್ಲಿ ಹೊಟ್ಟೆ ಮೇಲೆ ಇಳಿಸಿದೆ. ಪ್ರೊಪೆಲ್ಲರ್ ಬಾಗಿದೆ, ಪೈಲಟ್ ಉಳ್ಕೊಂಡ.