ಬ್ಲೂ ಪಿಲ್ ಬೋರ್ಡ್ ಎಸ್‌ಟಿ-ಲಿಂಕ್‌ಗೆ ಸಿಗುತ್ತಿಲ್ಲ, ಎಲ್‌ಇಡಿ ಮಾತ್ರ ಬ್ಲಿಂಕ್ ಆಗುತ್ತಿದೆ

ಎರೆಮಣ್ಣು, ಸಿಂಧನೂರು:

ಎಲ್ಲರಿಗೂ ನಮಸ್ಕಾರ. ಹೊಲದ ಮೋಟರ್ ಸ್ಟಾರ್ಟರ್‌ಗೆ ಒಂದು ಸಣ್ಣ ಕಂಟ್ರೋಲರ್ ಮಾಡುತ್ತಿದ್ದೇನೆ. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೋಟರ್ ಬಂದ್ ಆಗಬೇಕು. ಮೂರೂ ವಾಪಸ್ ಬಂದ ಮೇಲೆ ಸ್ವಲ್ಪ ಹೊತ್ತು ಕಾದು ಚಾಲೂ ಆಗಬೇಕು. ಅಷ್ಟೇ ಕೆಲಸ. ನಮ್ಮ ಕಡೆ ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ನಿಮಗೇ ಗೊತ್ತು. ಅಪ್ಪನಿಗೆ ರಾತ್ರಿ ಎದ್ದು ಹೊಲಕ್ಕೆ ಹೋಗಿ ಹೋಗಿ ಸಾಕಾಗಿದೆ.

ಬೋರ್ಡ್ ಬ್ಲೂ ಪಿಲ್ ಅನ್ನುವ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್, ಮೇಲಿರುವ ಚಿಪ್ ಎಸ್‌ಟಿ ಕಂಪನಿಯ ಎಸ್‌ಟಿಎಂ32ಎಫ್103ಸಿ8ಟಿ6. ಕಂಪ್ಯೂಟರ್‌ನಿಂದ ಚಿಪ್‌ಗೆ ಪ್ರೋಗ್ರಾಂ ಹಾಕುವ ಡಿಬಗ್ಗರ್ ಅಂದರೆ ಪೆನ್ ಡ್ರೈವ್ ತರಹ ಇರುವ ಎಸ್‌ಟಿ-ಲಿಂಕ್ ವಿ2 ಡಾಂಗಲ್, ಆನ್‌ಲೈನ್‌ನಲ್ಲಿ ತರಿಸಿದ್ದು. ಪ್ರೋಗ್ರಾಂ ಬರೆಯಲು ಇಲ್ಲಿಯ ತನಕ ಆರ್ಡುಯಿನೊ ಐಡಿಇ ಬಳಸುತ್ತಿದ್ದೆ, ಈ ಸಲ ಎಸ್‌ಟಿಯದೇ ಕ್ಯೂಬ್‌ಐಡಿಇ ಹಾಕಿಕೊಂಡೆ. ಮೊದಲ ಸಲ ಪ್ರೋಗ್ರಾಂ ಚೆನ್ನಾಗಿ ಹತ್ತಿತು, ಪಿಸಿ13 ಪಿನ್‌ನ ಎಲ್‌ಇಡಿ ಬ್ಲಿಂಕ್ ಆಯಿತು. ಡಿಲೇ ಬದಲಿಸಿ ಮತ್ತೆ ರನ್ ಒತ್ತಿದರೆ ಹತ್ತುತ್ತಿಲ್ಲ. ಚಿಪ್‌ಗೆ ಪ್ರೋಗ್ರಾಂ ಹಾಕುವ, ಅಳಿಸುವ ಎಸ್‌ಟಿಯ ಸಾಫ್ಟ್‌ವೇರ್ ಕ್ಯೂಬ್ ಪ್ರೋಗ್ರಾಮರ್ ತೆಗೆದು ನೋಡಿದರೆ 'ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್' ಅನ್ನುತ್ತದೆ. ತಂತಿ ಬದಲಿಸಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ. ಆದರೂ ಅದೇ ಕಥೆ. ಎಲ್‌ಇಡಿ ಮಾತ್ರ ಹಳೇ ಪ್ರೋಗ್ರಾಂ ಪ್ರಕಾರ ಬ್ಲಿಂಕ್ ಆಗುತ್ತಲೇ ಇದೆ.

ಬಿಸಿಲುನಾಡು, ರಾಯಚೂರು:

ಬೋರ್ಡ್ ಹೋಗಿದೆ ತಮ್ಮಾ. ಈ ಬ್ಲೂ ಪಿಲ್‌ಗಳ ಹಣೆಬರಹವೇ ಇಷ್ಟು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಹೊಸದು ತರಿಸಿ. ಹೈದರಾಬಾದ್ ಕಡೆ ಯಾರಾದರೂ ಹೋಗುವವರಿದ್ದರೆ ಕೋಠಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತರಲು ಹೇಳಿ, ನಮಗೆ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ಅದೇ ಹತ್ತಿರ.

ಹಳೇಕೋಟೆ, ಬಳ್ಳಾರಿ:

ಎಸೆಯಬೇಡಿ, ತಡೆಯಿರಿ. ಎಲ್‌ಇಡಿ ಬ್ಲಿಂಕ್ ಆಗುತ್ತಿದೆ ಅಂದರೆ ಚಿಪ್‌ಗೆ ಕರೆಂಟ್ ಸರಿ ಇದೆ, ಪ್ರೋಗ್ರಾಂ ಕೂರುವ ಫ್ಲ್ಯಾಶ್ ಮೆಮೊರಿ ಸರಿ ಇದೆ, ಪ್ರೋಗ್ರಾಂ ಓಡುತ್ತಿದೆ. ಸತ್ತ ಚಿಪ್ ಇದನ್ನೆಲ್ಲ ಮಾಡುವುದಿಲ್ಲ.

ನೀವು ಬರೆದಿದ್ದರಲ್ಲಿ ಮುಖ್ಯ ಮಾತು 'ಮೊದಲ ಸಲ ಹತ್ತಿತು' ಅನ್ನುವುದು. ತಂತಿ ತಪ್ಪಿದ್ದರೆ ಮೊದಲ ಸಲವೂ ಹತ್ತುತ್ತಿರಲಿಲ್ಲ. ಹಾಗಾಗಿ ನನಗೆ ತಂತಿಗಿಂತ ನಿಮ್ಮ ಪ್ರೋಗ್ರಾಂ ಮೇಲೇ ಅನುಮಾನ. ಮೂರು ವಿಷಯ ಹೇಳಿ. ಬೋರ್ಡ್ ಜೋಡಿಸದೆ ಬರೀ ಡಾಂಗಲ್ ಹಾಕಿದರೆ ಕ್ಯೂಬ್ ಪ್ರೋಗ್ರಾಮರ್‌ನಲ್ಲಿ ಅದರ ಸೀರಿಯಲ್ ನಂಬರ್ ಬರುತ್ತದಾ? ಬೋರ್ಡ್‌ನ 3.3 ಪಿನ್‌ಗೂ ಗ್ರೌಂಡ್‌ಗೂ ಮಧ್ಯೆ ಮೀಟರ್ ಎಷ್ಟು ತೋರಿಸುತ್ತದೆ? ಕ್ಯೂಬ್‌ಐಡಿಇಯಲ್ಲಿ ಪಿನ್ ಚಿತ್ರ ಬರುವ ಪುಟ ತೆಗೆದು, ಎಡಗಡೆ ಸಿಸ್ಟಂ ಕೋರ್ ಒಳಗೆ ಎಸ್‌ವೈಎಸ್ ಒತ್ತಿ. ಅಲ್ಲಿ ಡಿಬಗ್ ಎದುರು ಏನಿದೆ?

ಎರೆಮಣ್ಣು:

ಥ್ಯಾಂಕ್ಸ್ ಸರ್. ಡಾಂಗಲ್‌ನ ನಂಬರ್ ಬರುತ್ತದೆ. ಮೀಟರ್‌ನಲ್ಲಿ 3.28 ಇದೆ. ಎಸ್‌ವೈಎಸ್ ಒಳಗೆ 'ನೋ ಡಿಬಗ್' ಅಂತ ಇದೆ. ಅದನ್ನು ನಾನು ಮುಟ್ಟಿಲ್ಲ, ಬಂದ ಹಾಗೇ ಇದೆ.

ಹಳೇಕೋಟೆ:

ಸಿಕ್ಕಿತು. ನಿಮ್ಮ ಚಿಪ್ ಸೇರಿರುವ ಎಫ್1 ಸರಣಿಯಲ್ಲಿ ಕ್ಯೂಬ್ ಹೊಸ ಪ್ರಾಜೆಕ್ಟ್‌ಗೆ ತಾನಾಗಿಯೇ ಇಡುವುದು ಅದನ್ನೇ. ಇದಕ್ಕೆ ಬಲಿಯಾದವರು ಭಾಳ ಮಂದಿ.

ಆಗಿದ್ದು ಇಷ್ಟು. ಡಿಬಗ್ಗರ್ ಚಿಪ್ ಜೊತೆ ಮಾತಾಡುವುದು ಪಿಎ13, ಪಿಎ14 ಅನ್ನುವ ಎರಡು ಪಿನ್‌ಗಳಲ್ಲಿ. 13ರಲ್ಲಿ ಡಾಟಾ, 14ರಲ್ಲಿ ಕ್ಲಾಕ್. ರಿಸೆಟ್ ಆದ ಕೂಡಲೇ ಈ ಎರಡೂ ಡಿಬಗ್ಗರ್‌ಗೇ ಮೀಸಲು. ಆದರೆ 'ನೋ ಡಿಬಗ್' ಇದ್ದರೆ ಕ್ಯೂಬ್ ನಿಮ್ಮ ಕೋಡ್‌ನಲ್ಲಿ ಒಂದು ಸಾಲು ಸೇರಿಸುತ್ತದೆ. ಹೆಸರು ಎಂಎಸ್‌ಪಿ ಅಂತ ಮುಗಿಯುವ ಫೈಲ್ ತೆರೆಯಿರಿ, 'ಎಸ್‌ಡಬ್ಲ್ಯುಜೆ ಡಿಸೇಬಲ್' ಅಂತ ಮುಗಿಯುವ ಸಾಲು ಕಾಣುತ್ತದೆ. ಎಸ್‌ಟಿಯ ಲೈಬ್ರರಿಯಾದ ಎಚ್‌ಎಎಲ್ ಶುರುವಾಗುವಾಗಲೇ ಅದು ಓಡಿ ಡಿಬಗ್ ಪಿನ್‌ಗಳನ್ನು ಕಿತ್ತುಕೊಳ್ಳುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡ ಮನೆ ತರಹ. ದೀಪ ಉರಿಯುತ್ತಿರುತ್ತದೆ, ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ. ಮೊದಲ ಸಲ ಹತ್ತಿದ್ದು ಆಗ ಈ ಸಾಲು ಚಿಪ್‌ನಲ್ಲಿ ಇರಲಿಲ್ಲವಲ್ಲ, ಅದಕ್ಕೇ.

ಆ ಸಾಲು ಓಡುವ ಮೊದಲೇ ಚಿಪ್ ಹಿಡಿಯಬೇಕು. ಡಾಂಗಲ್‌ನ ಆರ್‌ಎಸ್‌ಟಿ ಪಿನ್‌ನಿಂದ ಬೋರ್ಡ್ ಅಂಚಿನಲ್ಲಿ 'ಆರ್' ಅಂತ ಇರುವ ಪಿನ್‌ಗೆ ಐದನೇ ತಂತಿ ಹಾಕಿ. ಬೋರ್ಡ್‌ನಲ್ಲಿ ಡಾಂಗಲ್ ಜೋಡಿಸುವ ನಾಲ್ಕು ಪಿನ್‌ನ ಕನೆಕ್ಟರ್‌ನಲ್ಲಿ ರಿಸೆಟ್ ಇಲ್ಲ, ಅದಕ್ಕೇ ಬೇರೆ ತಂತಿ. ಕ್ಯೂಬ್ ಪ್ರೋಗ್ರಾಮರ್‌ನಲ್ಲಿ ಮೋಡ್ 'ಅಂಡರ್ ರಿಸೆಟ್', ರಿಸೆಟ್ ಮೋಡ್ 'ಹಾರ್ಡ್‌ವೇರ್ ರಿಸೆಟ್' ಮಾಡಿ ಕನೆಕ್ಟ್ ಒತ್ತಿ. ಸಾಫ್ಟ್‌ವೇರ್ ರಿಸೆಟ್ ಇಲ್ಲಿ ಕೆಲಸಕ್ಕೆ ಬಾರದು. ಅದನ್ನು ಹೇಳಲಿಕ್ಕೂ ಅದೇ ಬಂದ್ ಆದ ಪಿನ್ ಬೇಕಲ್ವಾ.

ಎರೆಮಣ್ಣು:

ಐದನೇ ತಂತಿ ಹಾಕಿದೆ ಸರ್, ಎರಡೂ ಮೋಡ್ ನೀವು ಹೇಳಿದ ಹಾಗೇ ಇಟ್ಟೆ. ಅದೇ ಎರರ್. ಇನ್ನೊಂದು ನೋಡಿದೆ. ಕನೆಕ್ಟ್ ಒತ್ತಿದಾಗ ಎಲ್‌ಇಡಿ ಬ್ಲಿಂಕ್ ನಿಲ್ಲುವುದೇ ಇಲ್ಲ. ರಿಸೆಟ್ ಆಗಿದ್ದರೆ ಒಂದು ಕ್ಷಣವಾದರೂ ತಾಳ ತಪ್ಪಬೇಕಿತ್ತಲ್ಲ?

ಸೋಲ್ಡರ್‌ಹೊಗೆ, ಗಂಗಾವತಿ:

ಸರಿಯಾಗಿ ನೋಡಿದ್ದೀರಿ. ನಿಮ್ಮ ಡಾಂಗಲ್‌ನಿಂದ ರಿಸೆಟ್ ಬರುತ್ತಲೇ ಇಲ್ಲ. ಈ ಅಲ್ಯುಮಿನಿಯಂ ಕವಚದ ನಕಲಿ ಎಸ್‌ಟಿ-ಲಿಂಕ್‌ಗಳಲ್ಲಿ ಕೆಲವದರಲ್ಲಿ ಆರ್‌ಎಸ್‌ಟಿ ಪಿನ್ ಎಸ್‌ಟಿಯ ಇನ್ನೊಂದು ಬಗೆಯಾದ ಎಸ್‌ಟಿಎಂ8 ಚಿಪ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ, ಎಸ್‌ಟಿಎಂ32ಗೆ ಇಲ್ಲ. ಪಿನ್ ಇದೆ, ಹೆಸರೂ ಇದೆ, ಉಪಯೋಗ ಇಲ್ಲ. ಇನ್ನು ಕೆಲವದರಲ್ಲಿ ಕವಚದ ಮೇಲೆ ಅಚ್ಚಾಗಿರುವ ಪಿನ್ ಹೆಸರಿಗೂ ಒಳಗಿನ ಬೋರ್ಡ್‌ಗೂ ತಾಳೆಯೇ ಇರುವುದಿಲ್ಲ. ಹೊಸ ಡಾಂಗಲ್ ಬಂದರೆ ನಾನಂತೂ ಕವಚ ಜಾರಿಸಿ ಒಳಗೆ ಏನು ಬರೆದಿದೆ ನೋಡಿಯೇ ತಂತಿ ಹಾಕುತ್ತೇನೆ. ನಿಮ್ಮದು ಮೊದಲ ಸಲ ಹತ್ತಿದೆ ಅಂದ ಮೇಲೆ ಉಳಿದ ನಾಲ್ಕು ಪಿನ್ ಸರಿ ಇವೆ.

ಆ ತಂತಿಯ ಸಹವಾಸವೇ ಬೇಡ. ಬೋರ್ಡ್ ಮೇಲೆ ಎರಡು ಹಳದಿ ಜಂಪರ್ ಇವೆಯಲ್ಲ, ಅದರಲ್ಲಿ ಬೂಟ್0 ಅಂತ ಇರುವುದನ್ನು ಕಿತ್ತು 1ರ ಕಡೆಗೆ ಹಾಕಿ. ಬೂಟ್1 ಸೊನ್ನೆಯಲ್ಲೇ ಇರಲಿ. ಈಗ ಬೋರ್ಡ್‌ನ ರಿಸೆಟ್ ಗುಂಡಿ ಒತ್ತಿ ಬಿಡಿ. ಬ್ಲಿಂಕ್ ನಿಲ್ಲಬೇಕು. ನಿಂತರೆ ಚಿಪ್ ನಿಮ್ಮ ಪ್ರೋಗ್ರಾಂ ಬಿಟ್ಟು, ಕಾರ್ಖಾನೆಯಲ್ಲೇ ಹಾಕಿರುವ ಸಣ್ಣ ಪ್ರೋಗ್ರಾಂ ಆದ ಬೂಟ್‌ಲೋಡರ್‌ಗೆ ಹೋಗಿದೆ ಅಂತ ಅರ್ಥ. ಆ ಬೂಟ್‌ಲೋಡರ್ ಡಿಬಗ್ ಪಿನ್‌ಗಳನ್ನು ಮುಟ್ಟುವುದಿಲ್ಲ. ಮೋಡ್ ನಾರ್ಮಲ್‌ಗೆ ತಂದು ಕನೆಕ್ಟ್ ಒತ್ತಿ, ಸಿಕ್ಕ ಕೂಡಲೇ ಫುಲ್ ಚಿಪ್ ಇರೇಸ್. ಆಮೇಲೆ ಜಂಪರ್ ವಾಪಸ್ ಸೊನ್ನೆಗೆ.

ಜಂಪರ್ ಸಡಿಲ ಇದ್ದರೆ ಇನ್ನೊಂದು ದಾರಿ. ರಿಸೆಟ್ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕನೆಕ್ಟ್ ಕ್ಲಿಕ್ ಮಾಡಿ, ಕ್ಲಿಕ್ ಆದ ತಕ್ಷಣ ಹೆಬ್ಬೆರಳು ಎತ್ತಬೇಕು. ಬೇಗ ಎತ್ತಿದರೆ ಪ್ರೋಗ್ರಾಂ ಓಡಿಬಿಡುತ್ತದೆ, ತಡ ಮಾಡಿದರೆ ಕನೆಕ್ಷನ್ ಕೈಬಿಡುತ್ತದೆ. ಹದ ಸಿಗುವ ತನಕ ಸ್ವಲ್ಪ ತಾಳ್ಮೆ ಬೇಕು.

ಎರೆಮಣ್ಣು:

ಸಿಕ್ಕಿತು ಅಣ್ಣಾ! ಜಂಪರ್ ದಾರಿಯಲ್ಲೇ ಆಯಿತು. ರಿಸೆಟ್ ಒತ್ತಿದ ಕೂಡಲೇ ಬ್ಲಿಂಕ್ ನಿಂತಿತು, ಕನೆಕ್ಟ್ ಒತ್ತಿದರೆ ಬಲಗಡೆ ಚಿಪ್ ಹೆಸರು, 64 ಕೆಬಿ ಎಲ್ಲ ಬಂತು. ಇರೇಸ್ ಮಾಡಿದೆ.

ಎರಡು ಪ್ರಶ್ನೆ ಉಳಿದಿವೆ. ಡಿಬಗ್ ಆನ್ ಇಟ್ಟರೆ ಪಿಬಿ3, ಪಿಬಿ4 ಸಿಗುವುದಿಲ್ಲ ಅಂತ ಎಲ್ಲೋ ಓದಿದೆ. ನನ್ನ ಎರಡು ರಿಲೇ ಅಲ್ಲೇ ಇವೆ, ಪಿಸಿಬಿ ಆಗಲೇ ಮಾಡಿಸಿಬಿಟ್ಟಿದ್ದೇನೆ. ಎರಡನೇದು, ಜೊತೆಗೆ ತರಿಸಿದ ಇನ್ನೊಂದು ಬ್ಲೂ ಪಿಲ್ ಇದೆ. ಅದಕ್ಕೆ ಇನ್ನೂ ಏನೂ ಹಾಕಿಲ್ಲ, ಆದರೂ ಕ್ಯೂಬ್‌ಐಡಿಇ 'ಕುಡ್ ನಾಟ್ ವೆರಿಫೈ ಎಸ್‌ಟಿ ಡಿವೈಸ್' ಅಂತ ಹೇಳಿ ಬಿಟ್ಟುಬಿಡುತ್ತದೆ.

ಹಳೇಕೋಟೆ:

ರಿಲೇಗೆ ಏನೂ ತೊಂದರೆ ಇಲ್ಲ. ಪಿಬಿ3, ಪಿಬಿ4, ಪಿಎ15 ಮೂರನ್ನೂ ಹಿಡಿದುಕೊಳ್ಳುವುದು ಜೆಟ್ಯಾಗ್ ಅನ್ನುವ, ಹೆಚ್ಚು ಪಿನ್ ಬೇಡುವ ಇನ್ನೊಂದು ಡಿಬಗ್ ವಿಧಾನ. ನಿಮಗೆ ಬೇಕಿರುವುದು ಎರಡು ತಂತಿಯ ಡಿಬಗ್ ಮಾತ್ರ. ಎಸ್‌ವೈಎಸ್‌ನಲ್ಲಿ 'ಸೀರಿಯಲ್ ವೈರ್' ಆರಿಸಿ ಕೋಡ್ ಮತ್ತೆ ಜನರೇಟ್ ಮಾಡಿ. ಎಂಎಸ್‌ಪಿ ಫೈಲ್‌ನಲ್ಲಿ ಆ ಸಾಲು 'ನೋ ಜೆಟ್ಯಾಗ್' ಅಂತ ಬದಲಾಗಿರಬೇಕು. ಕಣ್ಣಾರೆ ನೋಡಿ ಆಮೇಲೆ ರನ್ ಒತ್ತಿ, ಇಲ್ಲದಿದ್ದರೆ ಮತ್ತೆ ಜಂಪರ್ ಕೀಳಬೇಕಾಗುತ್ತದೆ. ಒಂದು ಎಚ್ಚರ: ಬೋರ್ಡ್ ಆನ್ ಆದಾಗ ಆ ಸಾಲು ಓಡುವ ತನಕ ಪಿಬಿ4ರಲ್ಲಿ ಒಳಗಿನ ಪುಲ್-ಅಪ್, ಅಂದರೆ ಪಿನ್ ಅನ್ನು 3.3ರ ಕಡೆ ಎಳೆಯುವ ರೆಸಿಸ್ಟರ್, ಇರುತ್ತದೆ. ನಿಮ್ಮ ರಿಲೇ ಟ್ರಾನ್ಸಿಸ್ಟರ್ ಆ ಸಣ್ಣ ಕರೆಂಟ್‌ಗೇ ಆನ್ ಆಗುವಂಥದ್ದಾದರೆ, ಪವರ್ ಬಂದಾಗಲೆಲ್ಲ ರಿಲೇ ಒಮ್ಮೆ ಟಕ್ ಅನ್ನಬಹುದು. ಮೋಟರ್ ಸ್ಟಾರ್ಟರ್‌ಗೆ ಅದು ಒಳ್ಳೇದಲ್ಲ. ಬೇಸ್‌ನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಇದೆಯಾ ನೋಡಿಕೊಳ್ಳಿ.

ಮುಂದೆ ಬ್ಯಾಟರಿ ಉಳಿಸಲು ಚಿಪ್ ಮಲಗಿಸುವ ಸ್ಟಾಪ್ ಮೋಡ್ ಹಾಕುವ ಯೋಚನೆ ಇದ್ದರೆ, ಮಲಗಿದ ಚಿಪ್ ಕೂಡ ಡಿಬಗ್ಗರ್‌ಗೆ ಹೀಗೇ ಕೈಕೊಡುತ್ತದೆ. ಸ್ಟಾಪ್‌ಗೆ ಹೋಗುವ ಮೊದಲು ಒಂದೆರಡು ಸೆಕೆಂಡ್ ಡಿಲೇ ಇಟ್ಟರೆ ಹಿಡಿಯಲು ಸಮಯ ಸಿಗುತ್ತದೆ.

ಎರಡನೇ ಬೋರ್ಡ್‌ನದು ಬೇರೆ ರೋಗ. ಓಪನ್‌ಒಸಿಡಿ ಅನ್ನುವ ಡಿಬಗ್ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಜೋಡಿಸಿ, ಅದು ತೋರಿಸುವ ಐಡಿ ಕೋಡ್ ಇಲ್ಲಿ ಹಾಕಿ.

ಸೋಲ್ಡರ್‌ಹೊಗೆ:

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ಸ್ಟಾರ್ಟರ್ ಡಬ್ಬಿ ಅಂದಿರಿ. ನಿಮ್ಮ ಬೋರ್ಡ್‌ಗೆ 5 ವೋಲ್ಟ್ ಎಲ್ಲಿಂದ ಬರುತ್ತದೆ? ನಮ್ಮ ಕಡೆ ಸಿಗುವ ಅಗ್ಗದ ಆಟೋ ಸ್ಟಾರ್ಟರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಬರೀ ಒಂದು ದೊಡ್ಡ ಕೆಪಾಸಿಟರ್ ಮೂಲಕ ಕರೆಂಟ್ ಇಳಿಸಿಕೊಂಡಿರುತ್ತಾರೆ. ಅಂಥ ಸರ್ಕ್ಯೂಟ್‌ನಲ್ಲಿ ಗ್ರೌಂಡ್ ಅಂತ ಬರೆದ ಜಾಗವೂ ಮೇನ್ಸ್‌ಗೇ ಅಂಟಿಕೊಂಡಿರುತ್ತದೆ. ಅದಕ್ಕೆ ಎಸ್‌ಟಿ-ಲಿಂಕ್ ಹಾಕಿದರೆ ಆ ಮೇನ್ಸ್ ನೇರ ಲ್ಯಾಪ್‌ಟಾಪ್‌ಗೆ ಬರುತ್ತದೆ, ಲ್ಯಾಪ್‌ಟಾಪ್ ಮೇಲೆ ಕೈ ಇಟ್ಟವರಿಗೂ ಬರುತ್ತದೆ. ಒಂದು ಫೇಸ್ 230 ವೋಲ್ಟ್, ಎರಡು ಫೇಸ್ ನಡುವೆ ಸುಮಾರು 400. ಒದ್ದೆ ಹೊಲದಲ್ಲಿ ಬರಿಗಾಲಲ್ಲಿ ನಿಂತು ಮಾಡುವ ಪ್ರಯೋಗ ಅಲ್ಲ ಇದು.

ಪ್ರೋಗ್ರಾಂ ಹಾಕುವುದು ಮನೆಯಲ್ಲಿ ಟೇಬಲ್ ಮೇಲೆ, ಬೋರ್ಡ್ ಡಬ್ಬಿಯಿಂದ ಪೂರ್ತಿ ಬಿಚ್ಚಿ. ಆಗಲೂ ಪವರ್ ಒಂದೇ ಕಡೆಯಿಂದ ಕೊಡಿ. ಎಸ್‌ಟಿ-ಲಿಂಕ್‌ನ 3.3 ಕೊಟ್ಟಿದ್ದರೆ ಯುಎಸ್‌ಬಿ ಕೇಬಲ್ ಬೇಡ.

ಎರೆಮಣ್ಣು:

ಒಳ್ಳೇದಾಯಿತು ಹೇಳಿದ್ದು ಅಣ್ಣಾ. ಅಪ್ಪನ ಹಳೇ ಸ್ಟಾರ್ಟರ್ ಬಿಚ್ಚಿ ನೋಡಿದೆ, ಅದರಲ್ಲಿ ನೀವು ಹೇಳಿದ ಕೆಪಾಸಿಟರ್ರೇ ಇದೆ. ಅದರಿಂದ 5 ವೋಲ್ಟ್ ತೆಗೆಯುವ ಪ್ಲಾನ್ ಬಿಟ್ಟೆ. ಟ್ರಾನ್ಸ್‌ಫಾರ್ಮರ್ ಹಾಕುತ್ತೇನೆ, ಫೇಸ್ ನೋಡುವುದಕ್ಕೆ ಮೇನ್ಸ್ ತಾಗದಂತೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೊಕಪ್ಲರ್ ಆಗಲೇ ಇದೆ.

ಸೀರಿಯಲ್ ವೈರ್ ಮಾಡಿದ ಮೇಲೆ ಮೊದಲ ಬೋರ್ಡ್ ಎಷ್ಟು ಸಲ ಬೇಕಾದರೂ ಹತ್ತುತ್ತಿದೆ. ಎರಡನೇದರ ಐಡಿ 2ರಿಂದ ಶುರುವಾಗಿ 1477ಕ್ಕೆ ಮುಗಿಯುತ್ತದೆ. ಓಪನ್‌ಒಸಿಡಿ ತಾನು 1ರಿಂದ ಶುರುವಾಗುವುದನ್ನು ಕಾಯುತ್ತಿದ್ದೆ ಅನ್ನುತ್ತದೆ. ಉಳಿದ ಅಂಕಿ ಎಲ್ಲ ಒಂದೇ.

ಹಳೇಕೋಟೆ:

ಹಾಗಾದರೆ ಅದು ಅಸಲಿ ಎಸ್‌ಟಿ ಚಿಪ್ ಅಲ್ಲ, ಅದರ ತದ್ರೂಪು. 2ರಿಂದ ಶುರುವಾಗುವ ಆ ನಂಬರ್ ಕಾರ್ಟೆಕ್ಸ್-ಎಂ4 ಪ್ರೊಸೆಸರ್ ಇರುವ ಎಫ್4 ಸರಣಿಯ ಚಿಪ್‌ಗಳಲ್ಲಿ ಸಹಜ, ಎಫ್103ರಲ್ಲಿ ಬರಬಾರದು. ಚಿಪ್ ಮೇಲಿನ ಬರಹ ನಂಬಬೇಡಿ, ಉಜ್ಜಿ ಹೊಸದಾಗಿ ಅಚ್ಚು ಹಾಕುವವರಿದ್ದಾರೆ.

ಕ್ಯೂಬ್‌ಐಡಿಇ ಜೊತೆ ಬರುವ, ಡಾಂಗಲ್ ಮೂಲಕ ಚಿಪ್ ಜೊತೆ ಮಾತಾಡುವ ಎಸ್‌ಟಿಯ ಜಿಡಿಬಿ ಸರ್ವರ್ ಇದನ್ನು ಒಪ್ಪುವುದಿಲ್ಲ. ಡಿಬಗ್ ಕಾನ್ಫಿಗರೇಶನ್‌ನಲ್ಲಿ ಓಪನ್‌ಒಸಿಡಿ ಆರಿಸಿ. ಅದರ ಕಾನ್ಫಿಗ್ ಫೈಲ್‌ನಲ್ಲಿ ಟಾರ್ಗೆಟ್ ಫೈಲ್ ಕರೆಯುವ ಸಾಲಿಗಿಂತ ಮೇಲೆ, ಸಿಪಿಯು-ಟ್ಯಾಪ್-ಐಡಿ ಅನ್ನುವ ವೇರಿಯಬಲ್‌ಗೆ ಸೊನ್ನೆ ಕೊಡಿ. ಸೊನ್ನೆ ಕೊಟ್ಟರೆ ಐಡಿ ತಾಳೆ ನೋಡುವುದನ್ನೇ ಬಿಡುತ್ತದೆ. ಆದರೆ ಇದನ್ನು ಕಲಿಯಲಿಕ್ಕೆ ಇಟ್ಟುಕೊಳ್ಳಿ, ಮೋಟರ್‌ಗೆ ಅಸಲಿಯದೇ ಹಾಕಿ.

ಬಿಸಿಲುನಾಡು:

ನನ್ನ ಡ್ರಾಯರ್‌ನಲ್ಲೂ ಹೀಗೇ ಕೈಕೊಟ್ಟ ಬ್ಲೂ ಪಿಲ್ ಒಂದಿದೆ. ಪವರ್ ಎಲ್‌ಇಡಿ ಹತ್ತುತ್ತದೆ, ಬೇರೇನೂ ಇಲ್ಲ. ಅದಕ್ಕೂ ಜಂಪರ್ ಮದ್ದು ನಡೆಯುತ್ತದಾ?

ಸೋಲ್ಡರ್‌ಹೊಗೆ:

ಅಂದರೆ ಆ ಬೋರ್ಡ್ ಎಸೆದಿಲ್ಲ ಅಂತಾಯಿತು! ಮೊದಲು ಪವರ್ ಕೊಟ್ಟು ಚಿಪ್ ಮೇಲೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಬೂಟ್0 ಒಂದಕ್ಕೆ ಹಾಕಿ, ಡಾಂಗಲ್ ಜೋಡಿಸದೆ, ಚಿಪ್‌ನ 34ನೇ ಕಾಲಿನಲ್ಲಿ ಮೀಟರ್ ಇಡಿ. ಅದು ಪಿಎ13, ಹತ್ತಿರ ಹತ್ತಿರ 3.3 ಬರಬೇಕು. 37ನೇ ಕಾಲು ಪಿಎ14, ಅಲ್ಲಿ ಸೊನ್ನೆ. ಕಾಲಿನಲ್ಲಿ ಸರಿ ಇದ್ದು ಕನೆಕ್ಟರ್‌ನಲ್ಲಿ ಇಲ್ಲದಿದ್ದರೆ ಬೆಸುಗೆ ಬಿಟ್ಟಿದೆ. ಎರಡೂ ಕಡೆ ಸರಿ ಇದ್ದರೆ ಮೇಲಿನ ಮದ್ದು ನಡೆಯುತ್ತದೆ, ಕ್ಯೂಬ್ ಪ್ರೋಗ್ರಾಮರ್‌ನಲ್ಲಿ ಡಾಂಗಲ್‌ನ ಕ್ಲಾಕ್ ಮಾತ್ರ 4000 ಕಿಲೋಹರ್ಟ್ಸ್‌ನಿಂದ 480ಕ್ಕೆ ಇಳಿಸಿ ನೋಡಿ. ರೀಡ್ ಪ್ರೊಟೆಕ್ಷನ್ (ಒಳಗಿನ ಪ್ರೋಗ್ರಾಂ ಓದಲು ಬಿಡದ ಬೀಗ) ಬಿದ್ದಿದೆ ಅಂತ ಬಂದರೆ ತೆಗೆಯಬಹುದು, ಒಳಗಿದ್ದ ಪ್ರೋಗ್ರಾಂ ಮಾತ್ರ ಅಳಿಸಿ ಹೋಗುತ್ತದೆ.

ಬೆರಳು ಸುಡುವಷ್ಟು ಬಿಸಿ ಇದ್ದರೆ ನಿಮ್ಮ ಮಾತೇ ನಿಜ ಅಣ್ಣಾ, ಕೋಠಿಗೆ ಹೋಗುವವರನ್ನು ಹುಡುಕಿ.