ಉಸಿರಿನ ನೈಟ್ರಿಕ್ ಆಕ್ಸೈಡ್ ಅಳೆಯಲು ಎಂಕ್ಯೂ-135: ರೀಡಿಂಗ್ ಒಂದೇ ಕಡೆ ನಿಲ್ಲುತ್ತಿಲ್ಲ

ಬ್ರೆಡ್‌ಬೋರ್ಡ್_ಹುಡುಗ:
ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ನನ್ನ ತಂಗಿಗೆ ಅಸ್ತಮಾ ಇದೆ. ಹೋದ ತಿಂಗಳು ಫೆನೋ ಟೆಸ್ಟ್ (ಉಸಿರಿನಲ್ಲಿ ಬರುವ ನೈಟ್ರಿಕ್ ಆಕ್ಸೈಡ್ ಅಳೆಯೋದು) ಮಾಡಿಸಿದೆವು. ಮೆಷಿನ್‌ಗೆ ಊದಿದಾಗ 58 ಪಿಪಿಬಿ (ನೂರು ಕೋಟಿ ಭಾಗದಲ್ಲಿ 58 ಭಾಗ) ಬಂತು. ಶ್ವಾಸನಾಳದಲ್ಲಿ ಉರಿಯೂತ ಇದೆ, ಇನ್‌ಹೇಲರ್ ತಪ್ಪಿಸಬೇಡಿ ಅಂದರು ಡಾಕ್ಟರ್. ಮನೆಯಲ್ಲೇ ಆಗಾಗ ನೋಡಿಕೊಳ್ಳೋಣ ಅಂತ ಎಂಕ್ಯೂ-135 ಗ್ಯಾಸ್ ಸೆನ್ಸರನ್ನು ಆರ್ಡುಯಿನೋ ಬೋರ್ಡ್‌ಗೆ ಜೋಡಿಸಿದ್ದೇನೆ. ಆದರೆ ಅವಳು ಊದಿದರೂ ರೀಡಿಂಗ್ ಏರುತ್ತೆ, ನಾನು ಊದಿದರೂ ಏರುತ್ತೆ. ಬೆನ್ನುಬೆನ್ನಿಗೆ ಊದಿದರೆ ಬೇರೆ ಬೇರೆ ನಂಬರ್. 5 ವೋಲ್ಟ್ ಸರಿಯಾಗಿ ಬರುತ್ತಿದೆ, ಒಂದು ಇಡೀ ದಿನ ಬಿಸಿಯಾಗಲು ಬಿಟ್ಟಿದ್ದೆ. ಕ್ಯಾಲಿಬ್ರೇಷನ್ ಹೇಗೆ ಮಾಡಲಿ?

ಸಾಲ್ಡರ್_ಹೊಗೆ:
ಕ್ಯಾಲಿಬ್ರೇಷನ್ ಆಮೇಲೆ. ಮೊದಲು ಒಂದು ಲೋಟ ಬಿಸಿನೀರು ತಂದು, ಹಬೆ ಸೆನ್ಸರ್ ಜಾಲರಿಗೆ ತಾಗುವ ಹಾಗೆ ಹಿಡಿದು ನೋಡಿ. ಯಾರೂ ಊದದೆ ರೀಡಿಂಗ್ ಏರಿದರೆ, ನೀವು ಇಷ್ಟು ದಿನ ಅಳೆದದ್ದು ಹೆಚ್ಚಾಗಿ ಉಸಿರಿನ ತೇವವನ್ನೇ. ಈ ಸೆನ್ಸರ್ ಅಮೋನಿಯಾ, ಆಲ್ಕೋಹಾಲ್, ಹೊಗೆ ಎಲ್ಲಕ್ಕೂ ಕುಣಿಯುತ್ತೆ. ಯಾವುದು ಎಷ್ಟು ಅಂತ ಬಿಡಿಸಿ ಹೇಳಲ್ಲ.

ಇನ್ನು, 58 ಪಿಪಿಬಿ ಅಂದರೆ 0.058 ಪಿಪಿಎಂ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ). ಎಂಕ್ಯೂ-135ರ ಡೇಟಾಶೀಟ್ ಅಮೋನಿಯಾಗೇ 10 ಪಿಪಿಎಂನಿಂದ ಶುರುವಾಗುತ್ತೆ. ಇಲ್ಲದ ಸಿಗ್ನಲನ್ನು ಕೋಡ್ ತಿದ್ದಿ ತರೋಕಾಗಲ್ಲ.

ಬ್ರೆಡ್‌ಬೋರ್ಡ್_ಹುಡುಗ:
ಹಬೆಗೂ ಏರಿತು ಸರ್. ಹಾಗಾದರೆ ಒಳ್ಳೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ತಂದರೆ ಆಗುತ್ತಾ?

ಪಿಎಫ್‌ಟಿ_ಲ್ಯಾಬ್:
ನಾನು ಶ್ವಾಸಕೋಶ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಆಸ್ಪತ್ರೆಯ ಎಷ್ಟೋ ಮೆಷಿನ್‌ಗಳಲ್ಲೂ ಇರುವುದು ಎಲೆಕ್ಟ್ರೋಕೆಮಿಕಲ್ ಸೆನ್ಸರೇ. ಆದರೆ ಸೆನ್ಸರ್ ಎಷ್ಟು ಒಳ್ಳೆಯದಿದ್ದರೂ ಊದುವುದು ಸರಿಯಾಗದೆ ನಂಬರ್ ಸರಿಯಾಗಲ್ಲ. ಸೆಕೆಂಡಿಗೆ 50 ಮಿಲಿ ಲೀಟರ್ ವೇಗದಲ್ಲಿ ಒಂದೇ ಸಮನೆ ಊದಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 10 ಸೆಕೆಂಡ್. ಜೋರಾಗಿ ಊದಿದರೆ ನಂಬರ್ ಇಳಿಯುತ್ತೆ. ನಿಧಾನವಾದರೆ ಏರುತ್ತೆ, ಯಾಕೆಂದರೆ ಗಾಳಿ ಶ್ವಾಸನಾಳದ ಗೋಡೆ ಪಕ್ಕ ಜಾಸ್ತಿ ಹೊತ್ತು ಇದ್ದು, ಅಲ್ಲಿಂದ ಬರುವ ನೈಟ್ರಿಕ್ ಆಕ್ಸೈಡನ್ನು ಜಾಸ್ತಿ ತುಂಬಿಕೊಳ್ಳುತ್ತೆ.

ಮೂಗಿನದು ಇನ್ನೊಂದು ತಲೆನೋವು. ಸೈನಸ್‌ಗಳಲ್ಲಿ ಈ ಅನಿಲ ಶ್ವಾಸನಾಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದು ಬೆರೆತರೆ ಟೆಸ್ಟ್ ಕೆಟ್ಟಂತೆ. ಅದಕ್ಕೇ ಮೆಷಿನ್ ಸ್ವಲ್ಪ ತಡೆ ಕೊಡುತ್ತೆ, 5ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದಷ್ಟು. ಆ ಒತ್ತಡಕ್ಕೆ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತೆ. ಕ್ಲಿಪ್ ಹಾಕಿ ಮೂಗು ಮುಚ್ಚಬಾರದು. ಒಳಗೆ ಎಳೆಯುವ ಗಾಳಿಯನ್ನೂ ಫಿಲ್ಟರ್ ಮಾಡಿ ಕೊಡುತ್ತೇವೆ.

ದೊಡ್ಡವರಲ್ಲಿ 25 ಪಿಪಿಬಿಗಿಂತ ಕೆಳಗಿದ್ದರೆ ಕಡಿಮೆ, 50ಕ್ಕಿಂತ ಮೇಲಿದ್ದರೆ ಜಾಸ್ತಿ ಅನ್ನುವ ಗಡಿಗಳು ಈ ನಿಯಮದಲ್ಲಿ ಊದಿದರೆ ಮಾತ್ರ ಲೆಕ್ಕಕ್ಕೆ. ಅದೂ ಎಲ್ಲ ಉರಿಯೂತಕ್ಕಲ್ಲ. ಮುಖ್ಯವಾಗಿ ಅಲರ್ಜಿಯಲ್ಲಿ ಕಾಣುವ, ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳ ಥರದ್ದಕ್ಕೆ. ಮನೆಯ ರೀಡಿಂಗ್ ಕಮ್ಮಿ ಬಂತು ಅಂತ ತಂಗಿ ಇನ್‌ಹೇಲರ್ ಬಿಟ್ಟರೆ ಏನು ಗತಿ? ದಯವಿಟ್ಟು ಹಾಗಾಗಲು ಬಿಡಬೇಡಿ.

ಸಾಲ್ಡರ್_ಹೊಗೆ:
ಮೇಡಂ ಹೇಳಿದ್ದರಲ್ಲೇ ಒಳ್ಳೆ ಪ್ರಾಜೆಕ್ಟ್ ಇದೆ. ಅನಿಲ ಬಿಡಿ, ಊದುವ ಅಭ್ಯಾಸಕ್ಕೆ ಉಪಕರಣ ಮಾಡಿ. ಎಂಪಿಎಕ್ಸ್‌ವಿ7002ಡಿಪಿ ಒತ್ತಡದ ಸೆನ್ಸರ್ ಸಾಕು. ಅದರ ವ್ಯಾಪ್ತಿ 2 ಕಿಲೋಪಾಸ್ಕಲ್, 20 ಸೆಂಟಿಮೀಟರ್ ನೀರು ಅದಕ್ಕಿಂತ ಚೂರು ಕಮ್ಮಿ. ಮೌತ್‌ಪೀಸ್ ಮುಂದೆ ಸಣ್ಣ ತೂತಿನ ಬಿರಡೆ ಇಡಿ. ಸೆನ್ಸರಿನ ಒಂದು ಮೂತಿ ಬಿರಡೆಗಿಂತ ಹಿಂದೆ, ಬಾಯಿಯ ಕಡೆಗೆ. ಇನ್ನೊಂದು ಹೊರಗಿನ ಗಾಳಿಗೆ.

ವೇಗ ಸರಿ ಇದೆಯಾ ನೋಡಲು ಬಕೆಟ್ ಸಾಕು. ನೀರು ತುಂಬಿದ ಬಾಟಲಿಯನ್ನು ಬಕೆಟ್ ನೀರಿನಲ್ಲಿ ಬೋರಲು ಹಿಡಿಯಿರಿ. ಬಿರಡೆಯ ತೂತಿನಿಂದ ಗಾಳಿ ತರುವ ನಳಿಕೆಯ ತುದಿ ಬಾಟಲಿ ಬಾಯಿಯ ಕೆಳಗಿರಲಿ, ನೀರಿನ ಮೇಲ್ಮಟ್ಟದಿಂದ ತೀರಾ ಆಳ ಬೇಡ. 10 ಸೆಕೆಂಡಿನಲ್ಲಿ ಅರ್ಧ ಲೀಟರ್ ಗಾಳಿ ಸೇರಬೇಕು. ಜಾಸ್ತಿಯಾದರೆ ತೂತು ಕಿರಿದು ಮಾಡಿ. ಆಗ ಬರುವ ಒತ್ತಡವನ್ನು ಕೋಡ್‌ನಲ್ಲಿ ಹಾಕಿ, ಅದರ ಆಸುಪಾಸಿನಲ್ಲಿದ್ದಾಗ ಹಸಿರು ಎಲ್‌ಇಡಿ ಉರಿಸಿ.

ಬ್ರೆಡ್‌ಬೋರ್ಡ್_ಹುಡುಗ:
ಇದು ಮಾಡಬಹುದು ಸರ್! ತಂಗಿ ಲ್ಯಾಬ್‌ನಲ್ಲಿ ಊದಲು ಒದ್ದಾಡಿದ್ದಳು. ಮೇಡಂ, ಮುಂದಿನ ಟೆಸ್ಟ್‌ಗೆ ಇನ್ನೇನಾದರೂ ಗಮನಿಸಬೇಕಾ?

ಪಿಎಫ್‌ಟಿ_ಲ್ಯಾಬ್:
ಅವತ್ತು ಪಾಲಕ್, ಬೀಟ್‌ರೂಟ್ ಬೇಡ. ಅವುಗಳ ನೈಟ್ರೇಟ್‌ನಿಂದ ನಂಬರ್ ಏರುತ್ತೆ. ಒಂದು ಗಂಟೆ ಮುಂಚೆಯಿಂದ ಏನೂ ತಿನ್ನೋದು ಕುಡಿಯೋದು ಬೇಡ, ಮೆಟ್ಟಿಲು ಓಡಿ ಹತ್ತೋದೂ ಬೇಡ. ನೆಗಡಿ ಇದ್ದರೆ ಮೊದಲೇ ಹೇಳಿ. ಸ್ಪೈರೋಮೆಟ್ರಿಯೂ (ಜೋರಾಗಿ ಊದಿಸಿ ಶ್ವಾಸಕೋಶ ಪರೀಕ್ಷಿಸೋದು) ಇದ್ದರೆ ಫೆನೋ ಮೊದಲು ಮಾಡಿಸಿಕೊಳ್ಳಿ. ಜೋರಾಗಿ ಊದಿದ ಮೇಲೆ ಮಾಡಿದರೆ ನಂಬರ್ ಸ್ವಲ್ಪ ಹೊತ್ತು ಇಳಿದಿರುತ್ತೆ.